ಬೆಕ್ಕು ಟ್ರೇ ಬಿಟ್ಟು ಬೇರೆ ಕಡೆ ಹೋಗುತ್ತಿದೆಯಾ? ಕಾರಣ ಹುಡುಕುವುದು ಹೀಗೆ

ಬೆಳಗ್ಗೆ ಆರಕ್ಕೆ ಅಡುಗೆಮನೆ ಲೈಟು ಹಾಕಿದೆ. ಮೂಲೆಯಲ್ಲಿ ಮಡಚಿಟ್ಟಿದ್ದ ಖಾಲಿ ಗೋಣಿಚೀಲಗಳ ಮೇಲೆ ಅಂಗೈಯಗಲದ ಒದ್ದೆ. ನಾಲ್ಕು ಹೆಜ್ಜೆ ಆಚೆ ನಮ್ಮ ಬೆಕ್ಕು ಚುಕ್ಕಿ ಉಚ್ಚೆ, ಕಕ್ಕಕ್ಕೆ ಹೋಗುವ ಟ್ರೇ ಇತ್ತು. ಅದರೊಳಗಿನ ಮಣ್ಣು ರಾತ್ರಿ ನಾನು ಸಮ ಮಾಡಿಟ್ಟ ಹಾಗೇ ಇತ್ತು, ಒಂದು ಹೆಜ್ಜೆ ಗುರುತೂ ಇರಲಿಲ್ಲ. "ಬೇಕಂತಲೇ ಮಾಡೈತೆ ನೋಡು, ನಿನ್ನೆ ಬೈದಿದ್ದಕ್ಕೆ" ಅಂದಳು ಅವ್ವ.

ಬೆಕ್ಕು ಸೇಡಿಗೆ ಹೀಗೆ ಮಾಡುವುದಿಲ್ಲ. ಈ ಮಾತನ್ನು ಮೊದಲು ತಲೆಯಿಂದ ತೆಗೆದುಬಿಡಿ, ಇಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಯೂ ಸರಿಯಾಗಿ ನಡೆಯುವುದಿಲ್ಲ. ಮಣ್ಣು ಕೆದರಿ, ಮುಗಿಸಿ, ಮುಚ್ಚುವುದು ಬೆಕ್ಕಿನ ಹುಟ್ಟುಗುಣ. ಅಂಥ ಪ್ರಾಣಿ ಟ್ರೇ ಬಿಟ್ಟು ಬೇರೆಡೆ ಕೂತಿದೆ ಎಂದರೆ ಏನೋ ಅದಕ್ಕೆ ಅಡ್ಡ ಬಂದಿದೆ. ಅದರ ಮೈಯಲ್ಲಿ ನೋವಿರಬಹುದು. ಟ್ರೇ ಅಥವಾ ಒಳಗಿನ ಮಣ್ಣು ಒಗ್ಗದೇ ಇರಬಹುದು. ಟ್ರೇ ಇಟ್ಟ ಜಾಗ ತಪ್ಪಿರಬಹುದು. ಇಲ್ಲವೇ ಯಾವುದೋ ಹೆದರಿಕೆ ಹೊಕ್ಕಿರಬಹುದು. ನಾನು ಹುಡುಕುವುದೂ ಇದೇ ಕ್ರಮದಲ್ಲಿ. ದಾವಣಗೆರೆಯ ವಿನೋಬನಗರದ ನಮ್ಮ ಬಾಡಿಗೆ ಮನೆಯಲ್ಲಿ ಎರಡು ಬೆಕ್ಕುಗಳಿವೆ, ಹೆಣ್ಣು ಚುಕ್ಕಿ ಮತ್ತು ಗಂಡು ಕರಿಯ. ಈ ಕ್ರಮವನ್ನು ನಾನು ಕಲಿತದ್ದು ಅವೆರಡರಿಂದಲೇ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೂರ್ನಾಲ್ಕು ದಿನ ನೋಡಿ. ಟ್ರೇ, ಮಣ್ಣು, ಜಾಗ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಬೆಕ್ಕಿಗೂ ಗಾಬರಿ.

ಎಲ್ಲಕ್ಕಿಂತ ಮೊದಲು: ಉಚ್ಚೆ ಬರುತ್ತಿದೆಯಾ?

ಬೇರೆ ಏನನ್ನು ಓದದಿದ್ದರೂ ಇದೊಂದನ್ನು ಓದಿ.

ಕರಿಯ ಒಂದು ರಾತ್ರಿ ಐದು ಸಲ ಟ್ರೇಗೆ ಹೋದ. ಹೋಗುವುದು, ಕೂರುವುದು, ಬೆನ್ನು ಬಾಗಿಸಿ ತಿಣುಕುವುದು, ಎದ್ದು ಬರುವುದು. ಮಣ್ಣಿನಲ್ಲಿ ನೋಡಿದರೆ ಶೇಂಗಾ ಬೀಜದಷ್ಟು ಒದ್ದೆ, ಅಷ್ಟೇ. ಆಮೇಲೆ ಬಚ್ಚಲಿಗೆ ಹೋಗಿ ಅಲ್ಲೂ ಕೂತ. ಮಲಬದ್ಧತೆ ಇರಬೇಕು, ಒಂದು ಚಮಚ ಹರಳೆಣ್ಣೆ ಕುಡಿಸೋಣ ಎಂದು ಮನೆಯಲ್ಲಿ ಮಾತಾಯಿತು. ನನಗೂ ಹಾಗೇ ಅನ್ನಿಸಿತ್ತು. ಅಷ್ಟರಲ್ಲಿ ಅವನು ಹೊಟ್ಟೆಯ ಕೆಳಗೆ ನೆಕ್ಕಿಕೊಳ್ಳುತ್ತಾ ಒಂದು ಥರ ಉದ್ದಕ್ಕೆ ಕೂಗಿದ. ಎತ್ತಿಕೊಂಡೆ. ಹೊಟ್ಟೆಯೊಳಗೆ ಗಜ್ಜುಗದ ಹಾಗೆ ಗಟ್ಟಿಯಾಗಿ, ಮೂಸಂಬಿಯಷ್ಟು ದೊಡ್ಡದೊಂದು ಉಂಡೆ ಕೈಗೆ ಸಿಕ್ಕಿತು. ಅದು ತುಂಬಿ ಬಿಗಿದ ಮೂತ್ರಕೋಶ.

ಬೆಳಗಾಗುವುದಕ್ಕೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿದೆವು. ಅವರು ಸಣ್ಣ ನಳಿಕೆ ಹಾಕಿ ಕಟ್ಟಿಕೊಂಡಿದ್ದ ಉಚ್ಚೆಯನ್ನು ಹೊರಗೆ ತೆಗೆದರು. ಕರಿಯ ಉಳಿದ.

ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಸಣ್ಣ ಹರಳೋ ಲೋಳೆಯೋ ಸೇರಿದರೆ ಬಿರಡೆಯ ಹಾಗೆ ಮುಚ್ಚಿಕೊಳ್ಳುತ್ತದೆ. ಹೊರಗೆ ಹೋಗಬೇಕಾದ ವಿಷ ರಕ್ತದಲ್ಲೇ ಉಳಿಯುತ್ತದೆ, ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಒಂದೆರಡು ದಿನದಲ್ಲೇ ಪ್ರಾಣ ಹೋಗುವ ಕಾಯಿಲೆ ಇದು. ಹಾಗಾಗಿ ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಹನಿಯಷ್ಟೇ ಬಂದು, ಇಲ್ಲವೇ ಅದೂ ಬಾರದೆ ತಿಣುಕುತ್ತಿದ್ದರೆ ಮನೆಮದ್ದು ಬೇಡ, ನಾಳೆ ನೋಡೋಣ ಬೇಡ, ಆಗಲೇ ಕರೆದುಕೊಂಡು ಹೋಗಿ. ನೋವಿಗೆ ಎಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯನ್ನು ಯಾವತ್ತೂ ಕೊಡಬೇಡಿ. ಬೆಕ್ಕಿನ ಯಕೃತ್ತು ಅದನ್ನು ಅರಗಿಸಲಾರದು, ಒಂದು ಮಾತ್ರೆಯೇ ಸಾಯಿಸಬಲ್ಲದು.

ಹೆಣ್ಣು ಬೆಕ್ಕಿನಲ್ಲಿ ನಾಳ ಹೀಗೆ ಕಟ್ಟುವುದು ಅಪರೂಪ. ಆದರೆ ಮೂತ್ರಕೋಶದ ಉರಿ ಬರುತ್ತದೆ. ಸ್ವಲ್ಪ ಸ್ವಲ್ಪ ಹಲವು ಕಡೆ ಹೋಗುವುದು, ಉಚ್ಚೆಯಲ್ಲಿ ಗುಲಾಬಿ ಬಣ್ಣ, ಇವು ಅದರ ಗುರುತು. ಉರಿಯುವಾಗ ಬೆಕ್ಕು ಟ್ರೇಯಲ್ಲಿ ಕೂತಿರುತ್ತದೆ, ಹಾಗಾಗಿ ಟ್ರೇಯೇ ನೋಯಿಸಿತು ಎಂದುಕೊಳ್ಳುತ್ತದೆ. ಕಾಯಿಲೆ ವಾಸಿಯಾದ ಮೇಲೂ ಆ ಟ್ರೇ ಕಂಡರೆ ದೂರ ಹೋಗುತ್ತದೆ. ಆಗ ಬೇರೆ ಬಣ್ಣದ ಟ್ರೇಯನ್ನು ಬೇರೆ ಜಾಗದಲ್ಲಿ ಇಟ್ಟು ಹೊಸದಾಗಿ ಶುರು ಮಾಡಬೇಕು. ವಯಸ್ಸಾದ ಬೆಕ್ಕು ಜಾಸ್ತಿ ನೀರು ಕುಡಿದು ಜಾಸ್ತಿ ಉಚ್ಚೆ ಹೊಯ್ಯುತ್ತಿದ್ದರೆ ಮೂತ್ರಪಿಂಡ ಅಥವಾ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ಸಂಧಿನೋವು ಇದ್ದರೆ ಎತ್ತರದ ಅಂಚು ದಾಟಲು ಆಗುವುದಿಲ್ಲ, ಟ್ರೇಯ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿಕೊಟ್ಟರೆ ಸಾಕು.

ಉಚ್ಚೆ ಸರಿಯಿದ್ದು ಕಕ್ಕ ಮಾತ್ರ ಹೊರಗೆ ಹೋಗುತ್ತಿದ್ದರೆ ಹಾಲು ಎಷ್ಟು ಕೊಡುತ್ತಿದ್ದೀರಿ ನೋಡಿ. ಬೆಕ್ಕೆಂದರೆ ಹಾಲು ಎಂದು ನಾವೆಲ್ಲ ನಂಬಿದ್ದೇವೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ. ಹೊಟ್ಟೆ ಕೆಟ್ಟು ಟ್ರೇವರೆಗೆ ಓಡುವಷ್ಟು ಹೊತ್ತೂ ಸಿಗುವುದಿಲ್ಲ. ಹಾಲು ನಿಲ್ಲಿಸಿ ನೀರಿಡಿ. ಎರಡು ದಿನವಾದರೂ ಭೇದಿ ನಿಲ್ಲದಿದ್ದರೆ, ಅಥವಾ ಬೆಕ್ಕು ಮಂಕಾದರೆ, ವೈದ್ಯರಿಗೆ ತೋರಿಸಿ.

ಗೋಡೆಗೋ ನೆಲಕ್ಕೋ?

ಒದ್ದೆ ಎಲ್ಲಿದೆ ಎಂದು ಬಗ್ಗಿ ನೋಡಿ. ನೆಲದ ಮೇಲೆ ಕೆರೆಯ ಹಾಗೆ ನಿಂತಿದ್ದರೆ ಅದು ಉಚ್ಚೆ. ಗೋಡೆ, ಬಾಗಿಲು, ಸೋಫಾದ ಬೆನ್ನು, ಬೈಕಿನ ಚಕ್ರದಿಂದ ಗೆರೆಯಾಗಿ ಇಳಿದಿದ್ದರೆ ಅದು ಗುರುತು ಹಾಕಿದ್ದು. ಗುರುತು ಹಾಕುವಾಗ ಬೆಕ್ಕು ಕೂರುವುದಿಲ್ಲ. ನಿಂತೇ ಬಾಲ ಮೇಲೆತ್ತಿ, ಬಾಲದ ತುದಿ ನಡುಗಿಸುತ್ತಾ ಹಿಂದಕ್ಕೆ ಚಿಮ್ಮಿಸುತ್ತದೆ. ಇದಕ್ಕೆ ಟ್ರೇ ಬದಲಿಸಿ ಪ್ರಯೋಜನವಿಲ್ಲ. ಮರಿಯಾಗದಂತೆ ಆಪರೇಷನ್ ಮಾಡಿಸುವುದೇ ಮದ್ದು, ಐದಾರು ತಿಂಗಳ ವಯಸ್ಸಿಗೆ ಮಾಡಿಸಿದರೆ ಬಹುತೇಕ ಗಂಡುಗಳು ಈ ಚಾಳಿಯನ್ನು ಹಿಡಿಯುವುದೇ ಇಲ್ಲ. ಆಪರೇಷನ್ ಆದ ಬೆಕ್ಕೂ ಹೀಗೆ ಮಾಡಿದರೆ ಕಿಟಕಿಯಾಚೆ ನೋಡಿ. ಬೀದಿ ಬೆಕ್ಕೊಂದು ದಿನಾ ಬಂದು ಕೂರುತ್ತಿರಬಹುದು. ಆ ಕಿಟಕಿಯ ಕೆಳಭಾಗಕ್ಕೆ ಪೇಪರ್ ಅಂಟಿಸಿದರೂ ಅರ್ಧ ಕೆಲಸ ಆಗುತ್ತದೆ.

ಟ್ರೇ ಹತ್ತಿರ ಐದು ನಿಮಿಷ ಕೂತು ನೋಡಿ

ಮೈ ಚೆನ್ನಾಗಿದೆ ಎಂದು ಖಾತ್ರಿಯಾದ ಮೇಲೆ ದೂರದಲ್ಲಿ ಸುಮ್ನೆ ಕೂತು, ಬೆಕ್ಕು ಟ್ರೇಯಲ್ಲಿ ಏನು ಮಾಡುತ್ತದೆ ಎಂದು ನೋಡಿ. ಒಪ್ಪಿಗೆಯಾದ ಟ್ರೇಯಲ್ಲಿ ಬೆಕ್ಕು ಮೂಸುತ್ತದೆ, ಕೆದರುತ್ತದೆ, ತಿರುಗಿ ಇನ್ನೊಂದು ಕಡೆ ಕೆದರುತ್ತದೆ, ಕೂರುತ್ತದೆ, ಎದ್ದು ಮತ್ತೆ ಮೂಸಿ ನಿಧಾನಕ್ಕೆ ಮುಚ್ಚುತ್ತದೆ. ಒಪ್ಪಿಗೆಯಾಗದ ಟ್ರೇಯಲ್ಲಿ ಹೀಗಿರುವುದಿಲ್ಲ. ಚುಕ್ಕಿ ಆ ವಾರ ಮುಂದಿನ ಎರಡು ಕಾಲನ್ನು ಅಂಚಿನ ಮೇಲೇ ಇಟ್ಟಿದ್ದಳು. ಒಂದು ಪಾದವನ್ನು ಮಣ್ಣಿಗೆ ತಾಗಿಸಿ, ನೀರು ಕೊಡವುವ ಹಾಗೆ ಕೊಡವಿ ಇಳಿದು ಹೋದಳು. ಕೆದರಲೇ ಇಲ್ಲ. ನನಗೆ ಉತ್ತರ ಅಲ್ಲೇ ಸಿಕ್ಕಿತು. ಹಿಂದಿನ ವಾರ ಕಡಿಮೆ ಬೆಲೆಗೆ ಸಿಕ್ಕಿತೆಂದು ನಾನು ದಪ್ಪ ಹರಳಿನ, ನಿಂಬೆ ವಾಸನೆಯ ಲಿಟರ್, ಅಂದರೆ ಟ್ರೇಗೆ ಹಾಕಲೆಂದೇ ಮಾರುವ ಮಣ್ಣು, ತಂದು ಸುರಿದಿದ್ದೆ.

ಬಹಳಷ್ಟು ಬೆಕ್ಕುಗಳಿಗೆ ಬೇಕಾದ್ದು ನುಣ್ಣನೆಯ, ವಾಸನೆಯಿಲ್ಲದ, ಪಾದಕ್ಕೆ ಚುಚ್ಚದ ಮಣ್ಣು. ಎರಡು ಇಂಚು ಆಳ ಸಾಕು. ನಮಗೆ ಹಿತವೆನಿಸುವ ನಿಂಬೆ, ಲ್ಯಾವೆಂಡರ್ ವಾಸನೆ ಅದರ ಮೂಗಿಗೆ ಕಾಟ. ಅಂಗಡಿಯಲ್ಲಿ ಸಿಗುವ, ಒದ್ದೆಯಾದರೆ ಉಂಡೆ ಕಟ್ಟುವ ಲಿಟರ್ ಬೆಂಟೋನೈಟ್ ಎಂಬ ಜೇಡಿ. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಗುಜರಾತ್, ರಾಜಸ್ಥಾನದ ಕಡೆ ಸಿಗುತ್ತದೆ. ಅದರ ಗುಣ ನಮ್ಮವರಿಗೆ ಹೊಸದೇನಲ್ಲ. ಮಳೆ ಬಿದ್ದಾಗ ಚಪ್ಪಲಿಗೆ ಕೆಜಿಗಟ್ಟಲೆ ಅಂಟಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಎರೆಮಣ್ಣಿನಲ್ಲೂ ಅದೇ ಜಾತಿಯ ಜೇಡಿ ಇದೆ. ನೀರು ಕುಡಿದು ಉಬ್ಬುವುದು, ಒಣಗಿ ಕುಗ್ಗುವುದು ಅದರ ಸ್ವಭಾವ. ಅದಕ್ಕೇ ಈ ಲಿಟರನ್ನು ಕಮೋಡಿಗೂ ಬಚ್ಚಲಿಗೂ ಹಾಕಬೇಡಿ. ಪೈಪಿನೊಳಗೆ ಉಬ್ಬಿ ಕಟ್ಟಿಕೊಂಡರೆ ಪ್ಲಂಬರ್ ಬರಲೇಬೇಕು. ಉಂಡೆಗಳನ್ನು ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಕೊಡಿ.

ದುಡ್ಡು ಉಳಿಸಲು ಬೇರೆ ಏನು ಹಾಕಬಹುದು ಎಂದು ಕೇಳುತ್ತಾರೆ. ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ ಮರಳು ಚೆನ್ನಾಗಿ ನಡೆಯುತ್ತದೆ, ಬೆಕ್ಕಿಗೂ ಇಷ್ಟ. ಆದರೆ ಉಂಡೆ ಕಟ್ಟುವುದಿಲ್ಲ, ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಅಕ್ಕಿ ಗಿರಣಿಯ ಭತ್ತದ ಹೊಟ್ಟು ಸುಲಭವಾಗಿ ಸಿಗುತ್ತದೆ, ನಾನೂ ಹಾಕಿ ನೋಡಿದೆ. ತೀರಾ ಹಗುರ, ಕೆದರಿದರೆ ಮನೆ ತುಂಬ ಹಾರುತ್ತದೆ, ವಾಸನೆ ತಡೆಯುವುದಿಲ್ಲ. ಸಾಮಿಲ್‌ನ ಮರದ ಹೊಟ್ಟು ಪರವಾಗಿಲ್ಲ, ಪ್ಲೈವುಡ್ ಕೊಯ್ದ ಪುಡಿ ಮಾತ್ರ ಬೇಡ, ಅದರಲ್ಲಿ ಅಂಟು ಇರುತ್ತದೆ. ಹಿಂದೆ ಬೆಕ್ಕುಗಳು ಒಲೆಯ ಬೂದಿಗೆ ಹೋಗುತ್ತಿದ್ದವು ನಿಜ. ಆದರೆ ಒದ್ದೆಯಾದ ಬೂದಿ ಕ್ಷಾರವಾಗುತ್ತದೆ, ಪಾದ ಸುಡುತ್ತದೆ, ನೆಕ್ಕಿದರೆ ಬಾಯಿ ಹುಣ್ಣಾಗುತ್ತದೆ.

ಟ್ರೇ ದೊಡ್ಡದಿರಲಿ. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗೆ ಅಳೆದು, ಅದರ ಒಂದೂವರೆ ಪಟ್ಟು ಉದ್ದ ಬೇಕು. ಲಿಟರ್ ಟ್ರೇ ಎಂದು ಮಾರುವ ಎಷ್ಟೋ ಟ್ರೇಗಳು ಇದಕ್ಕಿಂತ ಚಿಕ್ಕವು. ಮಂಡಿಪೇಟೆ ಕಡೆ ಹೋದಾಗ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಿಂದ ಅಗಲದ ಟಬ್ ತಂದೆ, ಅದೇ ಇವತ್ತಿಗೂ ಇದೆ. ಮುಚ್ಚಳದ ಟ್ರೇ ನೋಡಲು ಚೆಂದ. ಒಳಗೆ ವಾಸನೆ ಕಟ್ಟಿಕೊಳ್ಳುತ್ತದೆ, ನಮ್ಮ ಊರಿನ ಏಪ್ರಿಲ್ ಬಿಸಿಲಿಗಂತೂ ಕೇಳುವುದೇ ಬೇಡ. ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇಡಿ. ಎರಡು ಬೆಕ್ಕಿಗೆ ಮೂರು, ಅದೂ ಬೇರೆ ಬೇರೆ ಕಡೆ. ಒಂದೇ ಮೂಲೆಯಲ್ಲಿ ಸಾಲಾಗಿ ಇಟ್ಟ ಮೂರು ಟ್ರೇ ಬೆಕ್ಕಿನ ಲೆಕ್ಕದಲ್ಲಿ ಒಂದೇ.

ದಿನಕ್ಕೆ ಎರಡು ಸಲ ಟ್ರೇಯ ಕೊಳೆ ಎತ್ತಿ ಹಾಕಿ. ಗಲೀಜು ಕಕ್ಕಸಿಗೆ ನಾವು ಹೋಗುತ್ತೇವಾ?

ಅದು ಆರಿಸಿಕೊಂಡ ಜಾಗವೇ ಸುಳಿವು

ಬೆಕ್ಕು ಟ್ರೇ ಬಿಟ್ಟು ಯಾವುದರ ಮೇಲೆ ಹೋಗುತ್ತಿದೆಯೋ ಅದನ್ನು ಕೈಯಿಂದ ಮುಟ್ಟಿ ನೋಡಿ. ಗೋಣಿಚೀಲ ಒರಟು, ಉಗುರು ಸಿಕ್ಕುತ್ತದೆ, ಕೆದರಲು ಬರುತ್ತದೆ, ಒದ್ದೆಯನ್ನು ತಕ್ಷಣ ಹೀರುತ್ತದೆ. ದಪ್ಪ ಹರಳಿಗೆ ಹೋಲಿಸಿದರೆ ಚುಕ್ಕಿಗೆ ಅದೇ ಮೇಲು. ಹಾಸಿಗೆ, ಒಗೆಯುವ ಬಟ್ಟೆಯ ರಾಶಿ ಆರಿಸಿಕೊಂಡ ಬೆಕ್ಕಿಗೂ ಮೆತ್ತನೆಯ ನುಣುಪು ಮಣ್ಣು ಬೇಕಾಗಿದೆ ಎಂದೇ ತಿಳಿಯಿರಿ. ಹಾಸಿಗೆ ಮೇಲೆ ಹೋಗುವ ಬೆಕ್ಕನ್ನು ಇನ್ನೊಮ್ಮೆ ವೈದ್ಯರಿಗೂ ತೋರಿಸಿ, ಮೂತ್ರಕೋಶದ ಉರಿಯಲ್ಲಿ ಮೆತ್ತನೆ ಜಾಗ ಹುಡುಕುವುದುಂಟು.

ಬಚ್ಚಲಿನ ಕಿಂಡಿ ಹತ್ತಿರವೋ ಸಿಂಕಿನಲ್ಲೋ ಹೋಗುವ ಬೆಕ್ಕುಗಳು ಇನ್ನೊಂದು ಥರ. ಅವಕ್ಕೆ ತಣ್ಣನೆಯ ನಯವಾದ ನೆಲ ಬೇಕು. ಅಂಥದ್ದಕ್ಕೆ ಖಾಲಿ ಟ್ರೇ ಇಡಿ. ಬರೀ ಪ್ಲಾಸ್ಟಿಕ್, ಮಣ್ಣಿಲ್ಲ. ಅದರಲ್ಲಿ ಹೋಗಲು ಶುರು ಮಾಡಿದ ಮೇಲೆ ದಿನಕ್ಕೊಂದು ಚಮಚ ಮಣ್ಣು ಮೂಲೆಯಲ್ಲಿ ಹಾಕುತ್ತಾ ಹೋಗಿ. ನಡುವೆ ಬಚ್ಚಲಿನ ಬಾಗಿಲು ಮುಚ್ಚಿರಲಿ.

ಚುಕ್ಕಿಗೂ ಇದೇ ಉಪಾಯ ಮಾಡಿದೆ. ಗೋಣಿಯ ಒಂದು ತುಂಡನ್ನು ಕತ್ತರಿಸಿ ಖಾಲಿ ಟ್ರೇಯಲ್ಲಿ ಹಾಸಿದೆ. ಅದೇ ಸಂಜೆ ಹೋದಳು. ಮಾರನೇ ದಿನದಿಂದ ಗೋಣಿಯ ಮೇಲೆ ನುಣ್ಣನೆಯ ಮಣ್ಣನ್ನು ಒಂದೊಂದು ಹಿಡಿ ಉದುರಿಸಿದೆ. ಅವಸರ ಮಾಡಲಿಲ್ಲ. ಹೊಸ ಲಿಟರಿಗೆ ಬದಲಿಸುವವರಿಗೂ ಇದೇ ದಾರಿ, ಹಳೆಯದರಲ್ಲಿ ಹೊಸದನ್ನು ಬೆರೆಸುತ್ತಾ ವಾರ ಹತ್ತು ದಿನದಲ್ಲಿ ಪೂರ್ತಿ ಬದಲಿಸಿ.

ಜಾಗ ಮತ್ತು ಹೆದರಿಕೆ

ಊಟದ ತಟ್ಟೆಯ ಪಕ್ಕ ಟ್ರೇ ಬೇಡ. ವಾಷಿಂಗ್ ಮಷೀನು, ಮಿಕ್ಸಿ, ಕುಕ್ಕರಿನ ಸೀಟಿಯ ಹತ್ತಿರ ಬೇಡ. ಕೂತಿದ್ದಾಗ ಒಮ್ಮೆ ಕುಕ್ಕರ್ ಕೂಗಿದರೆ ಸಾಕು, ಆ ಮೂಲೆಗೆ ಮತ್ತೆ ಬರುವುದಿಲ್ಲ. ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಹಾಗೆ ಇರಬಾರದು, ಓಡಿಹೋಗಲು ಎರಡು ದಾರಿ ಕಾಣಬೇಕು. ಎರಡು ಬೆಕ್ಕಿದ್ದಲ್ಲಿ ಒಂದು ಬಾಗಿಲಲ್ಲಿ ಕೂತು ಇನ್ನೊಂದನ್ನು ಟ್ರೇಗೆ ಬಿಡದೇ ಇರುವುದುಂಟು. ಜಗಳದ ಸದ್ದೇ ಇರುವುದಿಲ್ಲ, ಬರೀ ದಿಟ್ಟಿಸಿ ನೋಡುವುದು. ನಮ್ಮ ಕರಿಯ ಚುಕ್ಕಿಗೆ ಮಾಡುತ್ತಿದ್ದುದು ಇದನ್ನೇ. ಮೂರನೇ ಟ್ರೇ ಮಲಗುವ ಕೋಣೆಗೆ ಹೋದದ್ದು ಆ ಕಾರಣಕ್ಕೆ.

ಯಾವಾಗ ಶುರುವಾಯಿತು ಎಂದು ನೆನಪು ಮಾಡಿಕೊಳ್ಳಿ. ಎದುರು ಮನೆಯ ಅಕ್ಕ ಜೂನ್‌ನಲ್ಲಿ ಕೇಳಿದರು, "ಎರಡು ವರ್ಷದಿಂದ ಹಿತ್ತಲಿಗೆ ಹೋಗ್ತಿದ್ದದ್ದು ಈಗ ಪಡಸಾಲೆಯಲ್ಲಿ ಮಾಡ್ತೈತೆ, ಯಾಕಮ್ಮಾ?" ಹಿತ್ತಲಿಗೆ ಹೋಗಿ ನೋಡಿದೆ. ಮಳೆಗೆ ಎರೆಮಣ್ಣು ಹಲಸಿನ ಅಂಟಿನ ಹಾಗಾಗಿತ್ತು. ಬೆಕ್ಕಿಗೆ ಕೆದರಲು ಆಗುತ್ತಿರಲಿಲ್ಲ, ಪಾದಕ್ಕೆಲ್ಲ ಮೆತ್ತುತ್ತಿತ್ತು. ಅದೇ ಹಿತ್ತಲಿನ ಒಣ ಮಣ್ಣನ್ನು ಪುಡಿ ಮಾಡಿ, ಮರಳು ಬೆರೆಸಿ ಒಂದು ಟಬ್ಬಿಗೆ ಹಾಕಿ, ಮಳೆ ತಾಗದ ಜಗಲಿಯಲ್ಲಿ ಇಟ್ಟೆವು. ಹೊರಗೆ ಹೋಗುವ ಬೆಕ್ಕಿಗೆ ಮಳೆಗಾಲಕ್ಕೆ ಮೊದಲೇ ಹೀಗೆ ಮಾಡಿಡುವುದು ಒಳ್ಳೆಯದು.

ದುಗ್ಗಮ್ಮನ ಜಾತ್ರೆಗೆ ನೆಂಟರು ತುಂಬಿದಾಗ, ದೀಪಾವಳಿಯ ಪಟಾಕಿಗೆ, ಮನೆಗೆ ಬಣ್ಣ ಹೊಡೆಸಿದಾಗ, ಹೊಸ ಮಗು ಬಂದಾಗಲೂ ಬೆಕ್ಕು ತಪ್ಪುತ್ತದೆ. ಆ ದಿನಗಳಿಗೆ ಒಂದು ಕೋಣೆಯನ್ನು ಅದಕ್ಕೇ ಬಿಟ್ಟು, ಟ್ರೇ, ನೀರು, ಊಟ ಒಳಗಿಟ್ಟು ಬಾಗಿಲು ಮುಚ್ಚಿ. ನೆಂಟರ ಮಕ್ಕಳಿಗೆ ಆ ಕೋಣೆ ಬೇಡ ಎಂದು ಮೊದಲೇ ಹೇಳಿ.

ತೊಳೆಯುವಾಗ ಆಗುವ ತಪ್ಪು

ನಾವೆಲ್ಲ ಮಾಡುವುದು ಫಿನಾಯಿಲ್ ಸುರಿಯುವುದು. ದಯವಿಟ್ಟು ಬೇಡ. ಅದರಲ್ಲಿರುವ ಫೀನಾಲ್ ಬೆಕ್ಕಿಗೆ ವಿಷ, ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ಅಮೋನಿಯಾ ಇರುವ ಕ್ಲೀನರ್ ಉಚ್ಚೆಯ ವಾಸನೆಯನ್ನೇ ಬರಿಸುತ್ತದೆ, ಬೆಕ್ಕು ಅಲ್ಲಿಗೇ ಮತ್ತೆ ಬರುತ್ತದೆ. ಬ್ಲೀಚನ್ನು ಉಚ್ಚೆಯ ಮೇಲೆ ಸುರಿದರೆ ಕೆಟ್ಟ ಅನಿಲ ಏಳುತ್ತದೆ. ಮೊದಲು ಹಳೆ ಬಟ್ಟೆಯಿಂದ ಒತ್ತಿ ಹೀರಿಸಿ, ಒರೆಸಿ ಹರಡಬೇಡಿ. ಬರೀ ನೀರಿನಲ್ಲಿ ತೊಳೆದು, ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎಂಜೈಮ್ ಕ್ಲೀನರ್ ಹಾಕಿ ಹತ್ತು ಹದಿನೈದು ನಿಮಿಷ ಹಾಗೇ ಬಿಡಿ. ಅದು ಸಿಗದಿದ್ದರೆ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ಗ್ರಾನೈಟ್, ಕಡಪ ಕಲ್ಲಿಗೆ ವಿನೆಗರ್ ಹೊಳಪು ಕೆಡಿಸಬಹುದು, ಮೂಲೆಯಲ್ಲಿ ಸ್ವಲ್ಪ ಹಾಕಿ ನೋಡಿ.

ಹಳೆ ಕಲೆ ಎಲ್ಲಿದೆ ಗೊತ್ತಾಗುತ್ತಿಲ್ಲವಾ? ಖೋಟಾ ನೋಟು ನೋಡುವ ನೇರಳೆ ಬೆಳಕಿನ ಟಾರ್ಚ್ ತಂದು, ರಾತ್ರಿ ಲೈಟು ಆರಿಸಿ ಹಿಡಿಯಿರಿ. ಒಣಗಿದ ಉಚ್ಚೆ ಹಳದಿ ಹಸಿರಾಗಿ ಹೊಳೆಯುತ್ತದೆ. ನಮ್ಮ ಅಡುಗೆಮನೆಯಲ್ಲಿ ನನಗೆ ಗೊತ್ತೇ ಇರದಿದ್ದ ಎರಡು ಕಲೆಗಳು ಗೋಡೆ ಬುಡದಲ್ಲಿ ಕಂಡವು.

ಬಸುರಿ ಹೆಣ್ಣುಮಕ್ಕಳು ಟ್ರೇಯ ಕೊಳೆ ಎತ್ತುವುದು ಬೇಡ, ಬೇರೆಯವರು ಮಾಡಲಿ. ಟಾಕ್ಸೋಪ್ಲಾಸ್ಮಾ ಎಂಬ ರೋಗಾಣು ಬೆಕ್ಕಿನ ಕಕ್ಕದಲ್ಲಿ ಇರಬಹುದು. ಹೊರಬಂದ ಮೇಲೆ ಅದು ಅಂಟುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ದಿನಾ ಎತ್ತುವ ಮನೆಯಲ್ಲಿ ಅಪಾಯ ತೀರಾ ಕಡಿಮೆ. ಇದಕ್ಕಾಗಿ ಬೆಕ್ಕನ್ನು ಬೀದಿಗೆ ಬಿಟ್ಟುಬರುವವರನ್ನು ನೋಡಿದ್ದೇನೆ, ಅದರ ಅಗತ್ಯವೇ ಇಲ್ಲ.

ಮರಿಗೆ ಈಗಷ್ಟೇ ಕಲಿಸುತ್ತಿದ್ದರೆ

ಮೂರ್ನಾಲ್ಕು ವಾರದವರೆಗೆ ತಾಯಿ ನೆಕ್ಕಿಯೇ ಮರಿಗೆ ಉಚ್ಚೆ ಮಾಡಿಸುತ್ತದೆ. ಆಮೇಲೆ ಮರಿ ತಾನೇ ಕೆದರಲು ಶುರು ಮಾಡುತ್ತದೆ. ಮೂರು ಇಂಚಿಗಿಂತ ತಗ್ಗಾದ ಅಂಚಿನ ಟ್ರೇ ಇಡಿ. ಊಟವಾದ ತಕ್ಷಣ, ನಿದ್ದೆಯಿಂದ ಎದ್ದ ತಕ್ಷಣ, ಆಟದ ಮಧ್ಯೆ ಎತ್ತಿ ಟ್ರೇಯಲ್ಲಿ ಬಿಡಿ. ಮುಂಗಾಲು ಹಿಡಿದು ಕೆದರಿಸಬೇಡಿ, ಹೆದರುತ್ತದೆ, ನಿಮ್ಮ ಬೆರಳಲ್ಲೇ ಸ್ವಲ್ಪ ಕೆದರಿ ತೋರಿಸಿ. ಮರಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಹಾಗಾಗಿ ಮೂರು ತಿಂಗಳಾಗುವವರೆಗೆ ಉಂಡೆ ಕಟ್ಟುವ ಲಿಟರ್ ಬೇಡ, ಮರಳು ಸಾಕು. ಮೊದಲ ವಾರ ಒಂದೇ ಕೋಣೆಯಲ್ಲಿ ಇಡಿ. ಇಡೀ ಮನೆ ಬಿಟ್ಟರೆ ಟ್ರೇ ಎಲ್ಲಿತ್ತು ಎಂಬುದೇ ಅದಕ್ಕೆ ಮರೆತುಹೋಗುತ್ತದೆ.

ತಪ್ಪಿ ಹೊರಗೆ ಮಾಡಿದರೆ ಮೂಗನ್ನು ಅದಕ್ಕೆ ತಿಕ್ಕುವುದು, ಹೊಡೆಯುವುದು ಖಂಡಿತ ಬೇಡ. ಅದರಿಂದ ಅದು ಕಲಿಯುವುದು ಒಂದೇ, ನಿಮ್ಮ ಕಣ್ಣಿಗೆ ಬೀಳದೆ ಮಂಚದ ಕೆಳಗೆ ಹೋಗಿ ಮಾಡುವುದು.

ಚುಕ್ಕಿಯ ಗೋಣಿ ತುಂಡನ್ನು ನಾನು ತೆಗೆದದ್ದು ಹನ್ನೊಂದನೇ ದಿನ. ಮೇಲೆ ಎರಡು ಇಂಚು ನುಣ್ಣನೆಯ ಮಣ್ಣಿತ್ತು, ಕೆಳಗಿನಿಂದ ಮೆಲ್ಲಗೆ ಎಳೆದುಕೊಂಡೆ. ಅವಳು ಬಂದು ಮೂಸಿದಳು. ನಾಲ್ಕೂ ಕಾಲು ಒಳಗಿಟ್ಟು ಕೆದರಿದಳು, ಸುತ್ತು ತಿರುಗಿದಳು, ಮತ್ತೆ ಕೆದರಿದಳು. ಮುಗಿಸಿ ಮುಚ್ಚುವಾಗ ಒಂದು ಹಿಡಿ ಮಣ್ಣು ನೆಲಕ್ಕೆ ಚೆಲ್ಲಿತು. ಅವ್ವ ಕಸಬರಿಗೆ ತಂದು ಅದನ್ನು ಗುಡಿಸಿದಳು, ಅವಳನ್ನು ಬೈಯಲಿಲ್ಲ.